ಸೆಕೆಂಡ್ ಹ್ಯಾಂಡ್ ಮಡಚುವ ಸೈಕಲ್ ಕೊಳ್ತೀರಾ? ಮೊದಲು ಕೀಲು ನೋಡಿ

ಹಳೆಯ ಮಡಚುವ ಸೈಕಲ್ ನೋಡಲು ಹೋದವರು ಮೊದಲು ಕೇಳುವುದೇ ಗೇರ್ ಎಷ್ಟು ಅಂತ. ಆಮೇಲೆ ಕಂಪನಿ ಯಾವುದು, ತೊಗೊಂಡು ಎಷ್ಟು ವರ್ಷ ಆಯ್ತು, ಕೊನೆಗೆ ರೇಟು. ಅದೆಲ್ಲ ನಿಧಾನಕ್ಕೆ ಕೇಳಬಹುದು. ಮೊದಲು ಕುಕ್ಕರುಗಾಲಲ್ಲಿ ಕೂತು ಫ್ರೇಮಿನ ನಡುವೆ ಇರುವ ಕೀಲು ನೋಡಿ. ಗೇರ್ ಹೋಗಿದ್ದರೆ ಹಾಕಿಸಬಹುದು. ಟಯರು, ಬ್ರೇಕು, ಚೈನು, ಸೀಟು, ಎಲ್ಲಕ್ಕೂ ದಾರಿ ಇದೆ. ಕೀಲು ಹೋಗಿದ್ದರೆ ಆ ಸೈಕಲ್ ಮುಗಿಯಿತು ಅಂತಲೇ ಲೆಕ್ಕ.

ಬೆಂಗಳೂರಲ್ಲಿ ಇಂಥ ಸೈಕಲ್ ಈಗ ಬೇಕಾದಷ್ಟು ಸಿಗುತ್ತವೆ. 2020ರ ಲಾಕ್‌ಡೌನ್ ಸಮಯದಲ್ಲಿ ಸೈಕಲ್‌ಗೆ ಎಲ್ಲಿಲ್ಲದ ಬೇಡಿಕೆ ಬಂತು, ನೆನಪಿದೆಯಲ್ವಾ? ಆಗ ಕೊಂಡವರಲ್ಲಿ ಎಷ್ಟೋ ಜನ ಆಫೀಸು ಶುರುವಾದ ಮೇಲೆ ಅದನ್ನು ಬಾಲ್ಕನಿಯಲ್ಲಿ ಮಡಚಿಟ್ಟವರು ಮತ್ತೆ ಬಿಡಿಸಲೇ ಇಲ್ಲ. ಮಾರುವಾಗ "ಓಡಿಸೇ ಇಲ್ಲ ಸರ್, ಹೊಸದರ ಥರಾನೇ ಇದೆ" ಅನ್ನುತ್ತಾರೆ. ಅದು ಸುಳ್ಳಲ್ಲ, ಆದರೆ ಓಡದೆ ನಿಂತ ಸೈಕಲ್‌ಗೂ ಅದರದೇ ಕಾಯಿಲೆಗಳಿವೆ. ಗಾಳಿ ಇಳಿದ ಟಯರಿನ ಪಕ್ಕಗಳು ಬಿಸಿಲಿಗೆ ಒಡೆದಿರುತ್ತವೆ. ಬ್ರೇಕ್ ರಬ್ಬರ್ ಕಲ್ಲಾಗಿರುತ್ತದೆ. ಮಳೆಯ ಎರಚಲು ಬಿದ್ದು ಕೇಬಲ್ ಒಳಗೆ ತುಕ್ಕು ಹಿಡಿದಿರುತ್ತದೆ, ಚಕ್ರದ ನಡುವಿನ ಹಬ್ ಒಳಗಿನ ಗ್ರೀಸ್ ಮೇಣದಂತೆ ಗಟ್ಟಿಯಾಗಿರುತ್ತದೆ. ಇದ್ಯಾವುದಕ್ಕೂ ಹೆದರಬೇಕಿಲ್ಲ, ರೇಟು ಮಾತಾಡುವಾಗ ಲೆಕ್ಕಕ್ಕೆ ಇಟ್ಟುಕೊಂಡರೆ ಸಾಕು.

ಈಗ ಕೀಲಿಗೆ ಬರೋಣ. ನೋಡಲು ಹೋಗುವಾಗ ಒಂದು ಹಳೆಯ ಬನಿಯನ್ ತುಂಡು, ಒಂದು ಟಾರ್ಚು, ಅಲೆನ್ ಕೀ ಸೆಟ್ಟು ಜೊತೆಗಿರಲಿ. ಮೊಬೈಲ್ ಟಾರ್ಚ್ ಸಾಲದು, ಅದರ ಬೆಳಕು ಎಲ್ಲ ಕಡೆ ಹರಡಿ ಸಣ್ಣ ಗೆರೆಗಳು ಕಾಣದೇ ಹೋಗುತ್ತವೆ. ಸಣ್ಣ ಟಾರ್ಚನ್ನು ಪೇಂಟಿಗೆ ಓರೆಯಾಗಿ ಹಿಡಿದರೆ ಗೆರೆಯ ನೆರಳು ಎದ್ದು ಕಾಣುತ್ತದೆ. ಸೈಕಲ್ ತಲೆಕೆಳಗಾಗಿ ನಿಲ್ಲಿಸಿ, ಕೀಲಿನ ಸುತ್ತ ಧೂಳು, ಗ್ರೀಸು ಎಲ್ಲ ಬಟ್ಟೆಯಲ್ಲಿ ಒರೆಸಿ. ತಲೆಕೆಳಗಾಗಿಯೇ ಯಾಕೆ ಅಂದರೆ, ನಾವು ಕೂತಾಗ ಫ್ರೇಮಿನ ಆ ಒಂಟಿ ಪೈಪು ಎರಡು ಚಕ್ರಗಳ ನಡುವೆ ಕೆಳಕ್ಕೆ ಬಾಗಲು ನೋಡುತ್ತದೆ, ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಎಳೆದುಕೊಳ್ಳುತ್ತದೆ. ಲೋಹ ಬಿರುಕು ಬಿಡುವುದು ಎಳೆತ ಇರುವ ಕಡೆ. ಅದಕ್ಕೇ ಕೀಲಿನ ತಟ್ಟೆಯನ್ನು ಪೈಪಿಗೆ ವೆಲ್ಡ್ ಮಾಡಿದ ಜಾಗದ ಕೆಳಬದಿಯನ್ನು ಎಲ್ಲಕ್ಕಿಂತ ಜಾಸ್ತಿ ಹೊತ್ತು ನೋಡಬೇಕು. ನಿಂತುಕೊಂಡು ಮೇಲಿಂದ ನೋಡಿದರೆ ಅದು ಕಾಣುವುದೇ ಇಲ್ಲ.

ಪೇಂಟ್ ಕಿತ್ತಿರುವುದಕ್ಕೂ ಬಿರುಕಿಗೂ ವ್ಯತ್ಯಾಸ ಇದೆ. ಪೇಂಟ್ ಏಟು ತಿಂದಿದ್ದರೆ ಅಂಚು ಅಡ್ಡಾದಿಡ್ಡಿ ಇರುತ್ತದೆ, ಕೆಳಗೆ ಲೋಹ ಹೊಳೆಯುತ್ತದೆ. ಬಿರುಕು ಕೂದಲೆಳೆಯಷ್ಟು ಸಣ್ಣ, ವೆಲ್ಡಿನ ಅಂಚನ್ನೇ ಹಿಡಿದುಕೊಂಡು ಹೋಗುತ್ತದೆ, ಒರೆಸಿದರೂ ಹೋಗುವುದಿಲ್ಲ, ಉಗುರು ಅಡ್ಡ ಎಳೆದರೆ ಸಿಕ್ಕಿಕೊಳ್ಳುತ್ತದೆ. ಕಬ್ಬಿಣದ ಫ್ರೇಮ್ ಆದರೆ ಆ ಗೆರೆಯಿಂದ ತುಕ್ಕಿನ ಕಂದು ಬಣ್ಣ ಒಸರಿರುತ್ತದೆ. ಅಲ್ಯೂಮಿನಿಯಂನಲ್ಲಿ ಆ ಸುಳಿವೂ ಇಲ್ಲ, ಬರೀ ಕಪ್ಪು ಗೆರೆ. ಅನುಮಾನ ಬಂದರೂ ಸಾಕು, ಆ ಸೈಕಲ್ ಬಿಟ್ಟುಬಿಡಿ. "ವೆಲ್ಡ್ ಮಾಡಿಸಿಕೊಂಡರೆ ಆಯ್ತು" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಸೈಕಲ್ ಫ್ರೇಮಿಗೆ ಜಾಸ್ತಿ ಬಳಸುವ 6061 ಅಲ್ಯೂಮಿನಿಯಂಗೆ ವೆಲ್ಡ್ ಆದ ಮೇಲೆ ಮತ್ತೆ ಹೀಟ್ ಟ್ರೀಟ್‌ಮೆಂಟ್, ಅಂದರೆ ಲೆಕ್ಕದ ಪ್ರಕಾರ ಬಿಸಿ ಮಾಡಿ ಗಟ್ಟಿಗೊಳಿಸುವ ಕೆಲಸ ಆಗಬೇಕು, ಇಲ್ಲದಿದ್ದರೆ ಆ ಜಾಗ ಮೆತ್ತಗೇ ಉಳಿಯುತ್ತದೆ. ಗೇಟು ಕಿಟಕಿ ಮಾಡುವ ವರ್ಕ್‌ಶಾಪಿನಲ್ಲಿ ಅದು ಆಗುವ ಕೆಲಸವಲ್ಲ.

ವಿಜಯನಗರದಲ್ಲಿ ಒಮ್ಮೆ ಸ್ನೇಹಿತನಿಗಾಗಿ ಒಂದು ಸೈಕಲ್ ನೋಡಲು ಹೋಗಿದ್ದೆವು. ಮಾರುತ್ತಿದ್ದವರು ರಿಟೈರ್ ಆದ ಮೇಷ್ಟ್ರು. ಸೈಕಲ್ ತೊಳೆದು, ಚೈನಿಗೆ ಎಣ್ಣೆ ಬಿಟ್ಟು, ಬಿಲ್ಲು ಸಮೇತ ತೆಗೆದಿಟ್ಟಿದ್ದರು. ಟಯರು ಚೆನ್ನಾಗಿತ್ತು, ಗೇರು ಬೀಳುತ್ತಿತ್ತು, ರೇಟೂ ಒಪ್ಪುವಂತಿತ್ತು. ತಲೆಕೆಳಗು ಮಾಡಿ ಒರೆಸಿದಾಗ ಕೀಲಿನ ಕೆಳಗೆ ಒಂದು ಇಂಚಿಗಿಂತ ಸ್ವಲ್ಪ ಕಮ್ಮಿ ಉದ್ದದ ಕಪ್ಪು ಗೆರೆ ಕಂಡಿತು. ಮತ್ತೆ ಒರೆಸಿದೆ, ಹಾಗೇ ಇತ್ತು. ಸ್ನೇಹಿತ ಸೈಕಲ್ ನೇರ ಮಾಡಿ ಸೀಟಿನ ಮೇಲೆ ಭಾರ ಹಾಕಿದ, ನಾನು ನೆಲದ ಮೇಲೆ ಮಲಗಿ ಟಾರ್ಚ್ ಹಿಡಿದೆ. ಭಾರ ಬಿದ್ದಾಗ ಗೆರೆ ಸ್ವಲ್ಪ ಬಾಯಿ ಬಿಡುತ್ತಿತ್ತು, ಭಾರ ತೆಗೆದರೆ ಮುಚ್ಚಿಕೊಳ್ಳುತ್ತಿತ್ತು. ಮೇಷ್ಟ್ರನ್ನು ಕರೆದು ತೋರಿಸಿದೆ. ಕನ್ನಡಕ ಸರಿ ಮಾಡಿಕೊಂಡು ಬಗ್ಗಿ ನೋಡಿದರು, ತುಂಬಾ ಹೊತ್ತು ಮಾತಾಡಲಿಲ್ಲ. "ಮೊಮ್ಮಗ ಇದರಲ್ಲೇ ಟ್ಯೂಷನ್‌ಗೆ ಹೋಗಿಬರ್ತಿದ್ದನಪ್ಪ" ಅಂದರು. ಆಮೇಲೆ ಇದನ್ನು ಯಾರಿಗೂ ಮಾರುವುದಿಲ್ಲ ಅಂತ ಅವರೇ ಹೇಳಿದರು. ಚಕ್ರ, ಸೀಟು, ಪೆಡಲ್ ಬಿಚ್ಚಿ ಇಟ್ಟುಕೊಳ್ಳಿ, ಫ್ರೇಮ್ ಮಾತ್ರ ಗುಜರಿಗೆ ಹಾಕುವ ಮುಂಚೆ ಕತ್ತರಿಸಿ ಹಾಕಿಸಿ ಸರ್, ಇಲ್ಲದಿದ್ದರೆ ಯಾರೋ ಮತ್ತೆ ಜೋಡಿಸಿ ಓಡಿಸುತ್ತಾರೆ ಅಂತ ಹೇಳಿ ಬಂದೆವು. ಇದನ್ನು ಇಷ್ಟು ಉದ್ದ ಬರೆಯಲು ಕಾರಣ ಅದೇ. ಮಾರುವವರು ಒಳ್ಳೆಯವರೇ ಆಗಿರಬಹುದು, ಅವರಿಗೂ ಗೊತ್ತಿರುವುದಿಲ್ಲ.

ಬಿರುಕು ಇಲ್ಲ ಅಂತಾದ ಮೇಲೆ ಆಟ, ಅಂದರೆ ಸಡಿಲವಾಗಿ ಅಲ್ಲಾಡುವುದು, ಇದೆಯಾ ನೋಡಬೇಕು. ಸೈಕಲ್ ಬಿಡಿಸಿ, ಕೀಲುಗಳ ಲಾಕ್ ಹಾಕಿ, ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಎಲ್ಲೋ ಟಕ್ ಟಕ್ ಅನ್ನಿಸಿದರೆ ಒಂದು ಬೆರಳನ್ನು ಕೀಲಿನ ಎರಡು ತಟ್ಟೆ ಸೇರುವ ಗೆರೆಯ ಮೇಲಿಟ್ಟು ಮತ್ತೆ ಅಲ್ಲಾಡಿಸಿ, ಆಮೇಲೆ ಹ್ಯಾಂಡಲ್ ಪೈಪಿನ ಕೀಲಿನ ಮೇಲಿಟ್ಟು, ಆಮೇಲೆ ಫೋರ್ಕಿನ ಮೇಲಿನ ಬೇರಿಂಗ್ ಹತ್ತಿರ ಇಟ್ಟು ನೋಡಿ. ಆಟ ಎಲ್ಲಿದೆ ಅಂತ ಕಣ್ಣಿಗಿಂತ ಬೆರಳಿಗೆ ಬೇಗ ಗೊತ್ತಾಗುತ್ತದೆ. ಬೇರಿಂಗ್ ಲೂಜ್ ಇದ್ದರೆ ಚಿಂತೆ ಇಲ್ಲ, ಬಿಗಿ ಮಾಡಿದರೆ ಆಯ್ತು. ಕೀಲಿನಲ್ಲೇ ಆಟ ಇದ್ದರೆ ಅದರ ಲಾಕ್ ಹಾಕುವ ಲಿವರ್ ಹಿಂದಿರುವ ಅಡ್ಜಸ್ಟ್ ಮಾಡುವ ನಟ್ಟು ಕಾಲು ಸುತ್ತು ತಿರುಗಿಸಿ ನೋಡಿ. ಬಿಗಿಯಾಯಿತಾ, ಒಳ್ಳೆಯದು. ನಟ್ಟು ಆಗಲೇ ಕೊನೆಯವರೆಗೆ ಬಿಗಿಯಾಗಿದ್ದು ಇನ್ನೂ ಆಟ ಇದ್ದರೆ ಪಿನ್ನೋ ತಟ್ಟೆಯ ಮುಖವೋ ಸವೆದಿದೆ ಅಂತ ಅರ್ಥ.

ಹ್ಯಾಂಡಲ್ ಪೈಪಿನ ಕೀಲನ್ನು ಜನ ಅಷ್ಟಾಗಿ ನೋಡುವುದಿಲ್ಲ. ನನ್ನ ಪ್ರಕಾರ ಅದೇ ಜಾಸ್ತಿ ಅಪಾಯದ್ದು. ಫ್ರೇಮಿನ ಕೀಲಿನ ಲಾಕ್ ಸಡಿಲವಾದರೆ ಸೈಕಲ್ ವಾಲಾಡಿ, ಶಬ್ದ ಮಾಡಿ, ಸಾಮಾನ್ಯವಾಗಿ ಮೊದಲೇ ಗೊತ್ತುಮಾಡುತ್ತದೆ. ಹ್ಯಾಂಡಲ್ ಪೈಪು ಓಡಿಸುವಾಗ ಮಡಚಿಕೊಂಡರೆ ಕೈ ಊರಲು ಏನೂ ಇರುವುದಿಲ್ಲ, ನೇರವಾಗಿ ಮುಖ ನೆಲಕ್ಕೆ. ಅಲ್ಲಿನ ಲಿವರ್ ಹಾಕುವಾಗ ಅರ್ಧ ದಾರಿಯಿಂದಲೇ ಅಂಗೈಗೆ ಒತ್ತಡ ಸಿಗಬೇಕು, ಮುಚ್ಚಿದ ಮೇಲೆ ಲಿವರ್ ಬಿಚ್ಚಿಕೊಳ್ಳದಂತೆ ಹಿಡಿಯುವ ಸೇಫ್ಟಿ ಕ್ಯಾಚ್ ತಾನಾಗಿ ಕೂರಬೇಕು. ಕ್ಯಾಚಿನ ಸ್ಪ್ರಿಂಗ್ ಹೋಗಿದ್ದರೆ, ಅಥವಾ ಒಂದು ಬೆರಳಲ್ಲಿ ಲಿವರ್ ಮುಚ್ಚಿಕೊಂಡರೆ, ಸರಿ ಮಾಡಿಸುವವರೆಗೂ ಟ್ರಯಲ್ ಕೂಡ ನೋಡಬೇಡಿ. ಕೊಳ್ಳುವ ಮೊದಲು ಆ ಕಂಪನಿಯ ಲಾಕಿನ ಬಿಡಿಭಾಗ ಸಿಗುತ್ತದಾ ಅಂತ ಒಂದು ಅಂಗಡಿಗೆ ಫೋನ್ ಮಾಡಿ ಕೇಳಿ. ಹೆಸರಿಲ್ಲದ ಇಂಪೋರ್ಟ್ ಸೈಕಲ್‌ಗಳಲ್ಲಿ ತೊಂದರೆ ಬರುವುದು ಇಲ್ಲೇ. ಸಣ್ಣದೊಂದು ಕ್ಯಾಚ್ ಸಿಗದೆ ಇಡೀ ಸೈಕಲ್ ಮೂಲೆ ಸೇರುತ್ತದೆ.

ಆಮೇಲೆ ನೀವೇ ಮಡಚಿ, ನೀವೇ ಬಿಡಿಸಿ. ಮಾರುವವರಿಗೆ ಕೈ ಪಳಗಿರುತ್ತದೆ, ಅವರು ಮಾಡಿ ತೋರಿಸಿದರೆ ಎಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ಗೊತ್ತಾಗುವುದಿಲ್ಲ. ಮಡಚುವಾಗ ಕೇಬಲ್‌ಗಳು ಎಲ್ಲಿ ಎಳೆದುಕೊಳ್ಳುತ್ತವೆ ನೋಡಿ. ಪ್ರತಿಸಲ ಅದೇ ಜಾಗದಲ್ಲಿ ಬಾಗಿ ಬಾಗಿ ಹೊರಗಿನ ಪ್ಲಾಸ್ಟಿಕ್ ಒಡೆದಿರುತ್ತದೆ. ಹೊಸ ಕೇಬಲ್ ಹಾಕಿಸುವಾಗ ಮೆಕ್ಯಾನಿಕ್ ಅಭ್ಯಾಸಬಲದಿಂದ ಚೊಕ್ಕವಾಗಿ ಕುಳ್ಳಗೆ ಕತ್ತರಿಸಿಬಿಡುತ್ತಾರೆ, ಆಗ ಸೈಕಲ್ ಮಡಚಲು ಬರುವುದಿಲ್ಲ, ಬಂದರೂ ಬ್ರೇಕ್ ಎಳೆದು ಕೂರುತ್ತದೆ. ಹಳೆಯ ಕೇಬಲ್ ಪಕ್ಕದಲ್ಲಿಟ್ಟು ಅಳತೆ ನೋಡಿ ಕತ್ತರಿಸಿ ಅಂತ ಮೊದಲೇ ಹೇಳಬೇಕು.

ಮೆಟ್ರೋಗೆ ಅಂತ ಕೊಳ್ಳುವವರು ಟೇಪು ಹಿಡಿದು ಅಳೆಯಿರಿ. ನಮ್ಮ ಮೆಟ್ರೋದಲ್ಲಿ ಮಡಚಿದ ಸೈಕಲ್ ಒಯ್ಯಲು ಬಿಡುತ್ತಾರೆ, ಆದರೆ ಹೇಳಿರುವ ಮಿತಿ 60×45×25 ಸೆಂ.ಮೀ., ತೂಕ 15 ಕೆಜಿ. ತೂಕದ ತೊಂದರೆ ಇಲ್ಲ, 20 ಇಂಚಿನ ಸೈಕಲ್‌ಗಳು ಹೆಚ್ಚಾಗಿ 12ರಿಂದ 14 ಕೆಜಿ ಇರುತ್ತವೆ. ಅಳತೆಯಲ್ಲಿ ಮಾತ್ರ ಅವು ದಾಟುತ್ತವೆ. ಇಡೀ ಜಗತ್ತಿನಲ್ಲಿ ಪುಟ್ಟದಾಗಿ ಮಡಚುವುದಕ್ಕೆ ಹೆಸರಾದ ಲಂಡನ್ನಿನ ಬ್ರಾಂಪ್ಟನ್ ಕೂಡ ಮಡಚಿದರೆ ಸುಮಾರು 58×56×27, ಅಂದರೆ ಅದೂ ಆ ಪೆಟ್ಟಿಗೆಯೊಳಗೆ ಕೂರುವುದಿಲ್ಲ. ಅದಕ್ಕೇ ನಿಮ್ಮ ಸ್ಟೇಷನ್‌ನಲ್ಲಿ ಸೆಕ್ಯುರಿಟಿಯವರನ್ನು ಮೊದಲೇ ವಿಚಾರಿಸಿ. ಬಟ್ಟೆಯ ಕವರ್ ಹಾಕಿ ಒಯ್ಯಿರಿ, ಚೈನಿನ ಎಣ್ಣೆ ಬೇರೆಯವರ ಬಟ್ಟೆಗೆ ತಾಗಬಾರದು. ಈ ಮಿತಿಯನ್ನು ಸ್ವಲ್ಪ ಸಡಿಲ ಮಾಡಿದರೆ ಎಷ್ಟು ಜನರಿಗೆ ಅನುಕೂಲ ಆಗುತ್ತದೆ, ಮನೆಯಿಂದ ಸ್ಟೇಷನ್‌ಗೆ ಆಟೋ ಹುಡುಕುವ ಕಷ್ಟವೇ ತಪ್ಪುತ್ತದೆ. ಇದನ್ನು ಮನಸಾರೆ ಹೇಳುತ್ತಿದ್ದೇನೆ.

ಚಕ್ರದ ವಿಷಯದಲ್ಲಿ ಒಂದೇ ಒಂದು ನಂಬರ್ ನೋಡಿಕೊಳ್ಳಿ. ಎಲ್ಲ 20 ಇಂಚೂ ಒಂದೇ ಅಲ್ಲ. ಟಯರಿನ ಪಕ್ಕದಲ್ಲಿ 47-406 ಅಂತಲೋ 28-451 ಅಂತಲೋ ಬರೆದಿರುತ್ತದೆ, ಎರಡನೆಯ ಸಂಖ್ಯೆ ರಿಮ್ಮಿನ ಅಳತೆ, ಮಿಲಿಮೀಟರಿನಲ್ಲಿ. 406 ಆದರೆ ನಿಶ್ಚಿಂತೆ, ಮಕ್ಕಳ 20 ಇಂಚಿನ ಸೈಕಲ್‌ಗೆ ಹಾಕುವ 20×1.75 ಟಯರೇ ಇದಕ್ಕೂ ಆಗುತ್ತದೆ, ಯಾವ ಊರಿಗೆ ಹೋದರೂ ಸಿಗುತ್ತದೆ. 451 ಆದರೆ ಹುಡುಕಬೇಕು. 16 ಇಂಚಿನಲ್ಲೂ ಹಾಗೇ, 305 ಸುಲಭ, ಬ್ರಾಂಪ್ಟನ್ ಥರದವುಗಳ 349 ಕಷ್ಟ. ಇನ್ನೊಂದು, ಮಡಚುವ ಸೈಕಲ್ ಮಾಡುವ ಡಾಹೊನ್ ಕಂಪನಿಯ ಹಲವು ಮಾಡೆಲ್‌ಗಳಲ್ಲಿ ಮುಂದಿನ ಹಬ್ಬಿನ ಅಗಲ 74 ಮಿ.ಮೀ., ಸಾಮಾನ್ಯ ಸೈಕಲ್‌ನದು 100. ಮುಂದಿನ ಚಕ್ರ ಸೊಟ್ಟಗಾಗಿದ್ದರೆ ಅಂಗಡಿಯಲ್ಲಿ ಇರುವ ಚಕ್ರ ಅದಕ್ಕೆ ಕೂರುವುದಿಲ್ಲ. ಟಯರು ತೆಳ್ಳಗಿದ್ದರೆ ವೇಗ ಸಿಗುತ್ತದೆ ಅಂತ ಆಸೆ ಪಡಬೇಡಿ. ಪುಟ್ಟ ಚಕ್ರ ಗುಂಡಿಗೆ ಆಳವಾಗಿ ಇಳಿಯುತ್ತದೆ, ನಮ್ಮ ರಸ್ತೆಗೆ ದಪ್ಪ ಟಯರೇ ಸರಿ.

ಸೀಟ್ ಪೈಪು ಹೊರಗೆ ಎಳೆದು ನೋಡಿ. ಇಷ್ಟು ಒಳಗಿರಲೇಬೇಕು ಅಂತ ಒಂದು ಗೆರೆ ಇರುತ್ತದೆ. ನಿಮ್ಮ ಎತ್ತರಕ್ಕೆ ಸೀಟು ಏರಿಸಿದಾಗ ಆ ಗೆರೆ ಹೊರಗೆ ಕಂಡರೆ ಆ ಸೈಕಲ್ ನಿಮಗಲ್ಲ. ಬಿಲ್ಲು ಕೇಳಿ, ಪೆಡಲ್‌ನ ಎರಡು ಕ್ರ್ಯಾಂಕ್ ಸೇರುವ ಜಾಗದ ಕೆಳಗೆ ಕೊರೆದಿರುವ ಫ್ರೇಮ್ ನಂಬರ್ ಫೋಟೋ ತೆಗೆದುಕೊಳ್ಳಿ. ನಂಬರ್ ಉಜ್ಜಿ ಅಳಿಸಿದ್ದರೆ ಮಾತು ಮುಂದುವರಿಸಬೇಡಿ, ಅದು ಯಾರದೋ ಕಳುವಾದ ಸೈಕಲ್ ಇರಬಹುದು.

ಮನೆಗೆ ತಂದ ಮೇಲಿನ ಕೆಲಸ ನನಗೆ ತುಂಬಾ ಇಷ್ಟದ್ದು. ಭಾನುವಾರ ಬೆಳಿಗ್ಗೆ ಹಳೆಯ ಪೇಪರ್ ಹಾಸಿ ಕೂತರೆ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯುತ್ತದೆ. ಮೊದಲು ಎರಡೂ ಕೀಲು ಬಿಡಿಸಿ ಹಳೆಯ ಗ್ರೀಸು, ಮಣ್ಣು ಪೂರ್ತಿ ತೆಗೆಯಿರಿ. ತಟ್ಟೆಗಳ ಮುಖ ಒಣಗಿ ಸ್ವಚ್ಛವಾಗಿರಬೇಕು, ಒಂದು ಮರಳಿನ ಕಾಳು ಸಿಕ್ಕಿಕೊಂಡರೂ ಲಾಕ್ ಸರಿಯಾಗಿ ಕೂರುವುದಿಲ್ಲ. ತಿರುಗುವ ಪಿನ್ನಿಗೆ ಮಾತ್ರ ಎರಡು ಹನಿ ಎಣ್ಣೆ. ಲಿವರ್ ನಟ್ಟನ್ನು ಕಾಲು ಕಾಲು ಸುತ್ತು ಬಿಗಿ ಮಾಡುತ್ತಾ, ಪ್ರತಿಸಲ ಮುಚ್ಚಿ ನೋಡಿ. ಅಂಗೈಯಲ್ಲಿ ಗಟ್ಟಿಯಾಗಿ ಒತ್ತಿದರೆ ಮುಚ್ಚಬೇಕು, ಆದರೆ ಕಾಲಲ್ಲಿ ಒದ್ದು ಮುಚ್ಚುವಷ್ಟು ಬಿಗಿ ಬೇಡ, ಆಗ ಲಿವರ್‌ ಸೀಳಬಹುದು.

ಸೀಟ್ ಪೈಪಿಗೆ ಗ್ರೀಸ್ ಹಚ್ಚುವ ಮೊದಲು ಅದು ಕೂರುವ ಫ್ರೇಮಿನ ಪೈಪಿನೊಳಗೆ ಪ್ಲಾಸ್ಟಿಕ್ ಬುಷ್, ಅಂದರೆ ಬಳೆಯಂಥ ತೋಳು, ಇದೆಯಾ ನೋಡಿ. ಬುಷ್ ಇದ್ದರೆ ಗ್ರೀಸ್ ಬೇಡವೇ ಬೇಡ, ಓಡಿಸುತ್ತಾ ಓಡಿಸುತ್ತಾ ಸೀಟು ಕೆಳಗಿಳಿಯುತ್ತದೆ. ಸ್ಪಿರಿಟ್ ಹಾಕಿದ ಬಟ್ಟೆಯಲ್ಲಿ ಪೈಪು, ಬುಷ್ ಎರಡೂ ಒರೆಸಿದರೆ ಹಿಡಿತ ಬರುತ್ತದೆ. ಸೀಟಿನ ಎತ್ತರಕ್ಕೆ ಹಳೆಯ ಲೆಕ್ಕವೇ ಸಾಕು. ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು, ಪಾದದ ಮುಂಭಾಗ ಇಟ್ಟರೆ ಮಂಡಿ ಸ್ವಲ್ಪ ಬಾಗಿರಬೇಕು. ಆ ಎತ್ತರದಲ್ಲಿ ಪೈಪಿನ ಸುತ್ತ ಇನ್ಸುಲೇಷನ್ ಟೇಪಿನ ಒಂದು ಪಟ್ಟಿ ಸುತ್ತಿಬಿಡಿ. ದಿನಾ ಮಡಚುವ ಸೈಕಲ್ ಅಲ್ವಾ, ಪ್ರತಿಸಲ ಸೀಟು ಇಳಿಸಿ ಏರಿಸಬೇಕು, ಟೇಪು ಇದ್ದರೆ ಸ್ಟೇಷನ್ ಮುಂದೆ ನಿಂತು ಅಳೆಯುವ ಕೆಲಸ ಇರುವುದಿಲ್ಲ. ಹ್ಯಾಂಡಲ್ಲೂ ಏರಿಸಿ ಇಳಿಸುವ ಥರದ್ದಾದರೆ ಅದಕ್ಕೂ ಒಂದು ಪಟ್ಟಿ.

ಬ್ರೇಕ್ ರಬ್ಬರ್ ಹಳೆಯದಾಗಿದ್ದರೆ ಯೋಚನೆ ಮಾಡದೆ ನಾಲ್ಕೂ ಬದಲಾಯಿಸಿ, ಕೇಬಲ್ ಕೂಡ. ಯಾವ ಕೈಯ ಲಿವರ್ ಮುಂದಿನ ಬ್ರೇಕಿಗೆ ಹೋಗುತ್ತದೆ ಅಂತ ನಿಂತಲ್ಲೇ ಹಿಡಿದು ನೋಡಿಕೊಳ್ಳಿ, ಹೊರದೇಶದ ಸೈಕಲ್‌ಗಳಲ್ಲಿ ಅದಲು ಬದಲಾಗಿರಬಹುದು. ದೊಡ್ಡ ಸೈಕಲ್ ಓಡಿಸಿ ರೂಢಿ ಇರುವವರಿಗೆ ಪುಟ್ಟ ಚಕ್ರದಲ್ಲಿ ಮುಂದಿನ ಬ್ರೇಕ್ ಚುರುಕಾಗಿ ಹಿಡಿದ ಹಾಗೆ ಅನ್ನಿಸುತ್ತದೆ, ಹ್ಯಾಂಡಲ್ಲೂ ಬೇಗ ತಿರುಗುತ್ತದೆ. ಮೊದಲ ಕೆಲವು ಸವಾರಿ ಖಾಲಿ ಬೀದಿಯಲ್ಲೇ ಆಗಲಿ. ಮಡಚುವ ಪೆಡಲ್ ಸ್ವಲ್ಪ ಕಟಕಟ ಅನ್ನುವುದು ಸಹಜ. ಎಡಗಡೆಯ ಪೆಡಲ್ ಬಿಗಿ ಮಾಡುವಾಗ ಮಾತ್ರ ಉಲ್ಟಾ ತಿರುಗಿಸಬೇಕು, ಅದರ ಥ್ರೆಡ್ಡೇ ಹಾಗೆ.

ಮುಂದಿನ ಹಲ್ಲಿನ ಚಕ್ರ ದೊಡ್ಡದಿದೆ, ತುಳಿಯಲು ಭಾರ ಆಗುತ್ತದೇನೋ ಅಂತ ಕೆಲವರು ಹೆದರುತ್ತಾರೆ. ಹಾಗೇನಿಲ್ಲ. 20 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು ಒಂದೂವರೆ ಮೀಟರ್ ಹೋಗುತ್ತದೆ, ದೊಡ್ಡ ಸೈಕಲ್‌ನದು ಎರಡು ಮೀಟರ್ ಮೇಲೆ. ಆ ಕೊರತೆ ತುಂಬಲು ಮುಂದೆ 52 ಹಲ್ಲು ಕೊಟ್ಟಿರುತ್ತಾರೆ. ಮುಂದೆ 52, ಹಿಂದೆ 14 ಇದ್ದರೆ ಪೆಡಲಿನ ಒಂದು ಸುತ್ತಿಗೆ ಐದೂವರೆ ಮೀಟರ್ ದಾಟುತ್ತೀರಿ. ಆಫೀಸಿಗೆ ಹೋಗಲು ಇನ್ನೇನು ಬೇಕು?

ಚಕ್ರದ ಬೆಂಡ್ ತೆಗೆಸಲು, ಹಬ್ ಬಿಚ್ಚಿ ಬಾಲ್ಸ್ ಬದಲಾಯಿಸಿ ಗ್ರೀಸ್ ತುಂಬಿಸಲು ಬಡಾವಣೆಯ ಹಳೆಯ ಸೈಕಲ್ ಶಾಪೇ ಒಳ್ಳೆಯದು. ಕಡ್ಡಿಗಳನ್ನು ಬೆರಳಲ್ಲಿ ಮೀಟಿ, ಶಬ್ದ ಕೇಳಿಯೇ ಯಾವುದು ಸಡಿಲ ಅಂತ ಹೇಳುವ ಅನುಭವ ಅವರದು, ಅದಕ್ಕೆ ಕೊಡುವ ದುಡ್ಡು ಖಂಡಿತ ಸಾರ್ಥಕ. ಕೀಲು ಮಾತ್ರ ಅವರಿಗೆ ಹೊಸದು. ನಮ್ಮ ಕಡೆಯ ಶಾಪಿನವರು ಲಾಕ್ ಬಿಗಿಯಾಗಿದೆ ಅಂತ ಸುತ್ತಿಗೆ ಎತ್ತಿಕೊಂಡು "ಒಂದೇಟು ಹಾಕಿದ್ರೆ ಸರಿಹೋಗುತ್ತೆ ಸಾರ್" ಅಂದರು. "ಅಣ್ಣಾ, ಅದಕ್ಕೆ ಮಾತ್ರ ಏಟು ಬೇಡ, ಅದು ನಾನು ನೋಡ್ಕೋತೀನಿ, ನೀವು ಚಕ್ರ ಮಾಡಿಕೊಡಿ" ಅಂದೆ. ನಟ್ಟು ಅರ್ಧ ಸುತ್ತು ಸಡಿಲ ಮಾಡಿ ತೋರಿಸಿದಾಗ ಅವರೇ ಲಿವರ್ ನಾಲ್ಕಾರು ಸಲ ಹಾಕಿ ತೆಗೆದು, "ಓ, ಇಲ್ಲಿದ್ಯಾ ಇದು" ಅಂತ ಖುಷಿಪಟ್ಟರು. ಈಗ ಬೇರೆಯವರ ಮಡಚುವ ಸೈಕಲ್ ಬಂದರೂ ಮೊದಲು ಆ ನಟ್ಟೇ ನೋಡುತ್ತಾರಂತೆ.

ಓಡಿಸಲು ಶುರು ಮಾಡಿದ ಮೇಲೆ ಮೊದಲ ಒಂದೆರಡು ವಾರ ಕೀಲಿನ ಬಿಗಿ ಆಗಾಗ ನೋಡುತ್ತಿರಿ, ಸ್ವಚ್ಛ ಮಾಡಿದ ತಟ್ಟೆಗಳು ಕೂತುಕೊಂಡ ಹಾಗೆ ಸ್ವಲ್ಪ ಸಡಿಲ ಆಗಬಹುದು. ಹೊಸ ಕೇಬಲ್ಲೂ ಅಷ್ಟೇ, ಎಳೆದುಕೊಂಡು ಬ್ರೇಕ್ ಸ್ವಲ್ಪ ಸಡಿಲವಾಗುತ್ತದೆ, ಲಿವರ್ ಹತ್ತಿರದ ಸಣ್ಣ ತಿರುಪು ತಿರುಗಿಸಿ ಬಿಗಿ ಮಾಡಿಕೊಳ್ಳಿ. ತಿಂಗಳಿಗೊಮ್ಮೆ ಸೈಕಲ್ ತಲೆಕೆಳಗೆ ಮಾಡಿ ಆ ವೆಲ್ಡಿನ ಕೆಳಬದಿ ಒರೆಸಿ, ಟಾರ್ಚ್ ಹಾಕಿ ನೋಡಿ. ಐದು ನಿಮಿಷದ ಕೆಲಸ. ಕೊಳ್ಳುವ ಮೊದಲು ಆ ಜಾಗದ ಫೋಟೋ ನನಗೆ ಕಳಿಸಿ ಕೇಳಬೇಕು ಅನ್ನಿಸಿದರೆ ಕೇಳಿ, ಬಟ್ಟೆಯಲ್ಲಿ ಒರೆಸಿದ ಮೇಲೆ, ಬೆಳಕು ಓರೆಯಾಗಿ ಬೀಳುವ ಹಾಗೆ ಹತ್ತಿರದಿಂದ ತೆಗೆಯಿರಿ.